ವಾಲ್ಪಾರೈ ಬಂಗಲೆ: ಅತಿಥಿ ಯಾವ ಬಾಗಿಲಿನಿಂದ ಬಂದ?

ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಯಲ್ಲಿ ಒಂದು ಅತಿಥಿಗೃಹ ಇದೆ. ಹೆಸರು ‘ಸಿನ್ನ ದೊರೈಸ್ ಬಂಗಲೆ’. ಸಿನ್ನ ದೊರೈ ಅಂದರೆ ತಮಿಳಿನಲ್ಲಿ ಚಿಕ್ಕ ದೊರೆ. ಟೀ ಎಸ್ಟೇಟಿನ ಮ್ಯಾನೇಜರ್ ‘ಪೆರಿಯ ದೊರೈ’, ಅವನ ಕೈಕೆಳಗಿನ ಅಸಿಸ್ಟೆಂಟ್ ‘ಸಿನ್ನ ದೊರೈ’. ನಮ್ಮವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆ ವ್ಯಾಪಾರಕ್ಕೆ ಹೋಗಿ ಬಂದ ಯಾವ ಬ್ಯಾರಿ ಅಜ್ಜನನ್ನು ಕೇಳಿದರೂ ‘ದೊರೆ’ ಅಂದರೆ ರಾಜನಲ್ಲ, ಕಾಫಿ ತೋಟದ ಸಾಹೇಬ.

ಆ ದೊರೆಗಳು ಮಲಗಿದ್ದ ಮನೆಗಳಲ್ಲಿ ಈಗ ದುಡ್ಡು ಕೊಟ್ಟವರು ಮಲಗಬಹುದು. ಸ್ಟಾನ್‌ಮೋರ್ ಬಂಗಲೆಯಂಥ ಇನ್ನೂ ಕೆಲವು ಅಲ್ಲಿ ಉಂಟು. ಬುಟೀಕ್ ಹೋಟೆಲ್ ಎನ್ನುತ್ತಾರೆ: ನಾಲ್ಕೈದು ಕೋಣೆ, ಹಳೆಯ ಮರದ ಸಾಮಾನು, ನಿಮ್ಮ ಹೆಸರು ಹಿಡಿದು ಮಾತಾಡಿಸುವ ಬಟ್ಲರ್, ಬೆಳಿಗ್ಗೆ ಕೋಣೆಗೇ ಬರುವ ಚಹಾ. ಬಾಡಿಗೆ ಕೆಲವೆಡೆ ಒಂದು ರಾತ್ರಿಗೆ ಐದಂಕಿ ಮುಟ್ಟುತ್ತದೆ. ಊಟಿ, ಕೊಡೈಕನಾಲಿನ ಗದ್ದಲದಿಂದ ಬೇಸತ್ತ ನಮ್ಮ ಕುಟುಂಬಗಳು, ಮುಖ್ಯವಾಗಿ ಗಲ್ಫಿನಿಂದ ರಜೆಗೆ ಬರುವವರು, ಈಗ ವಾಲ್ಪಾರೈ ಕಡೆ ಕಾರು ತಿರುಗಿಸುತ್ತಿದ್ದಾರೆ. ಹೋಗಬೇಡಿ ಎಂದು ನಾನು ಬರೆಯುತ್ತಿಲ್ಲ. ಕೊಯಮತ್ತೂರಿಗೆ ಪಂಪು, ಮೋಟಾರಿನ ಕೆಲಸದ ಮೇಲೆ ಹೋಗಿ ಬರುವ ನಾನೂ ಒಮ್ಮೆ ಹೆಂಡತಿ ಮಕ್ಕಳೊಂದಿಗೆ ಅಂಥ ಒಂದು ಬಂಗಲೆಯಲ್ಲಿ ಎರಡು ರಾತ್ರಿ ಇದ್ದು ಬಂದವನು. ನಿದ್ದೆ ಚೆನ್ನಾಗಿತ್ತು, ಊಟವೂ ಚೆನ್ನಾಗಿತ್ತು. ಆದರೆ ಅತಿಥಿಗೆ ಅಲ್ಲಿ ಹೇಳುವ ಚರಿತ್ರೆ ಅರ್ಧದ್ದು. ಉಳಿದರ್ಧದಲ್ಲಿ ನಮ್ಮ ಸಮುದಾಯದ ಪಾಲೂ ಇದೆ, ಅದನ್ನು ಯಾರಾದರೂ ಬರೆದಿಡಬೇಕು.

ಮೊದಲು ಬೆಟ್ಟದ ಮಾತು. ಆನೆಮಲೆ ಯಾರೂ ಇಲ್ಲದ ಜಾಗವಾಗಿರಲಿಲ್ಲ. ಕಾಡರ್, ಮಲಸರ್ ಜನ ಅಲ್ಲಿ ಹಿಂದಿನಿಂದಲೂ ಇದ್ದವರು, ಇವತ್ತಿಗೂ ಇರುವವರು. 1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಕೊಯಮತ್ತೂರು ಸೀಮೆ, ನಮ್ಮ ಕೆನರಾ ಎರಡೂ ಕಂಪನಿಯ ಕೈಗೆ ಹೋದವು. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಕಂಪನಿ ಸರ್ವೆಗೆ ಕಳಿಸಿತು. ಅವನು 1800ರಲ್ಲಿ ಕೊಯಮತ್ತೂರು, ಪೊಳ್ಳಾಚಿ, ಆನೆಮಲೆ ಊರು ನೋಡಿ, ಪಾಲಕ್ಕಾಡಿನ ಕಣಿವೆ ದಾಟಿ ಮಲಬಾರಿಗಿಳಿದು, 1801ರ ಆರಂಭದಲ್ಲಿ ನಮ್ಮ ಮಂಗಳೂರಿಗೆ ಬಂದ. ಪೊಳ್ಳಾಚಿ ಹತ್ತಿರ ನೆಲ ಅಗೆದಾಗ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳನ್ನೂ, ಕಾಡಿನ ಹುಟ್ಟುವಳಿ ಕೂಡಿಸಿ ತರುವ ಕಾಡರನ್ನೂ ಅವನು ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅಂದರೆ ಘಟ್ಟದ ಆಚೆಗೂ ನಮಗೂ ದಾರಿ ಹಳೆಯದು. ಆಮೇಲೆ 1956ರ ನವೆಂಬರ್ 1ರ ತನಕ ಕೊಯಮತ್ತೂರು, ದಕ್ಷಿಣ ಕನ್ನಡ ಎರಡೂ ಒಂದೇ ಮದರಾಸಿನ ಜಿಲ್ಲೆಗಳು. ನಮ್ಮ ಹಿರಿಯರು ‘ಮದ್ರಾಸ್ ಸರ್ಕಾರದ ಕಾಲ’ ಎನ್ನುವುದು ಸುಮ್ಮನೆ ಅಲ್ಲ.

19ನೇ ಶತಮಾನದ ಕೊನೆಗೆ ಬೆಟ್ಟದ ಮೇಲೆ ತೋಟಗಳು ಎದ್ದವು. ಮೊದಲು ಕಾಫಿ, ಆಮೇಲೆ ಟೀ. ಆಳಿಯಾರಿನಿಂದ ಮೇಲಕ್ಕೆ ಈಗಲೂ 40 ಹೇರ್‌ಪಿನ್ ತಿರುವುಗಳ ದಾರಿ, ಪ್ರತಿ ತಿರುವಿಗೂ ನಂಬರು ಹಾಕಿದ್ದಾರೆ. ಒಂಬತ್ತನೇ ತಿರುವಿನ ಹತ್ತಿರ ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುವ ಜಾಗಕ್ಕೆ ‘ಲೋಮ್ಸ್ ವ್ಯೂ’ ಎಂದು ಹೆಸರು. ರಸ್ತೆ ಮಾಡಿಸಿದ ಎಂಜಿನಿಯರ್ ಲೋಮ್ ಅಂತೆ. ಇನ್ನೂ ಮೇಲೆ ಹೋದರೆ ಕಾರ್ವರ್ ಮಾರ್ಶ್ ಎಂಬ ಪ್ಲಾಂಟರನ ಪ್ರತಿಮೆ ಬೆಟ್ಟದ ಕಡೆ ಕೈ ತೋರಿಸಿ ನಿಂತಿದೆ. ಡಿಪ್ಲೊಮಾ ಮಾಡಿದವನಾದ್ದರಿಂದ ನನ್ನ ಕಣ್ಣು ರಸ್ತೆಯ ಏರು, ಕಲ್ಲಿನ ತಡೆಗೋಡೆಗಳ ಮೇಲೇ ಇತ್ತು. ಒಳ್ಳೆ ಕೆಲಸ, ಸುಳ್ಳು ಹೇಳಬಾರದು. ಆದರೆ ಕಲ್ಲು ಹೊತ್ತವನ ಹೆಸರು 40 ತಿರುವಿನಲ್ಲಿ ಒಂದಕ್ಕೂ ಇಲ್ಲ.

ಇನ್ನು ಬಂಗಲೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಕಟ್ಟಡ ಸುಳ್ಳು ಹೇಳುವುದಿಲ್ಲ.

ನಾವಿದ್ದ ಮನೆ ಒಂದು ಗುಡ್ಡದ ನೆತ್ತಿಯಲ್ಲಿತ್ತು. ಸುತ್ತ ಹುಲ್ಲು ಹಾಸು, ಎತ್ತರದ ಅಡಿಪಾಯ, ಮೂರು ಕಡೆ ಜಗಲಿ, ತಗಡಿನ ಮಾಡು, ಒಳಗೆ ಹಲಗೆಯ ಸೀಲಿಂಗು, ಪ್ರತಿ ಕೋಣೆಯಲ್ಲೂ ಬೆಂಕಿಗೂಡು. ಜಗಲಿಯಲ್ಲಿ ಕೂತರೆ ಕೆಳಗೆ ಟೀ ಫ್ಯಾಕ್ಟರಿ, ಅದರ ಪಕ್ಕ ಸಾಲಾಗಿ ಲೈನ್ ಮನೆಗಳು, ಸುತ್ತ ಕತ್ತರಿಸಿದಂತೆ ಹಸಿರು. ಈಗ ಅದಕ್ಕೆ ‘ವ್ಯೂ’ ಅಂತ ಹೆಚ್ಚಿನ ಬಾಡಿಗೆ. ಮನೆಯನ್ನು ಅಷ್ಟು ಎತ್ತರದಲ್ಲಿ ಕಟ್ಟಲು ಗಾಳಿ ಒಂದು ಕಾರಣ ಇರಬಹುದು, ಕೆಳಗಿನ ತೇವ ಮತ್ತು ಜ್ವರದಿಂದ ದೂರ ಇರುವುದು ಇನ್ನೊಂದು. ಮೂರನೆಯದು, ಅಲ್ಲಿ ಕೂತವನಿಗೆ ಫ್ಯಾಕ್ಟರಿಯ ಬಾಗಿಲು, ಲೈನಿನ ಅಂಗಳ, ಕೆಲಸಕ್ಕೆ ಹೋಗುವವರ ಸಾಲು ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ. ಕಾವಲು ಕೂರಲು ಆರಿಸಿದ ಜಾಗದ ಹಾಗೆ ನನಗೆ ಕಂಡಿತು. ಚಂದ ಕಾಣುವುದು ಅದರ ಜೊತೆಗೆ ಬಂದ ಲಾಭ.

ಆ ಕಾಲದ ಬಂಗಲೆಗಳಿಗೆ ಮೂರು ಬಗೆಯ ಬಾಗಿಲು. ಎದುರಿನದು ದೊರೆಗೆ, ದೊರೆಸಾನಿಗೆ, ಅವರ ಅತಿಥಿಗಳಿಗೆ. ಅತಿಥಿಗಳೆಂದರೆ ಪಕ್ಕದ ಎಸ್ಟೇಟಿನ ದೊರೆ, ತನಿಖೆಗೆ ಬಂದ ಅಧಿಕಾರಿ, ಕಂಪನಿಯ ಡೈರೆಕ್ಟರು, ಬೇಟೆಗೆ ಬಂದ ಸ್ನೇಹಿತ. ಎರಡನೆಯದು ಹಿಂದೆ. ಅಡುಗೆಮನೆ ಮೂಲ ಮನೆಯಿಂದ ಬೇರೆಯೇ ಇರುತ್ತದೆ, ನಡುವೆ ಮಾಡು ಹಾಕಿದ ಓಣಿ. ಹೊಗೆ, ಬೆಂಕಿಯ ಭಯ, ಬಟ್ಲರ್ ಮತ್ತು ಅಡುಗೆಯವರ ಮಾತು ಯಾವುದೂ ಊಟದ ಮೇಜಿನ ತನಕ ಬರಬಾರದು. ಮೂರನೆಯದನ್ನು ಅತಿಥಿಗಳು ಗಮನಿಸುವುದೇ ಇಲ್ಲ: ಬಚ್ಚಲುಮನೆಯಿಂದ ನೇರ ಹೊರಗೆ ಹೋಗುವ ಸಣ್ಣ ಬಾಗಿಲು. ಪೈಪು, ಫ್ಲಶ್ ಬರುವ ಮೊದಲು ಬಿಸಿನೀರು ಹೊತ್ತು ತರುವವನು, ಕಮೋಡಿನ ಪಾತ್ರೆ ಎತ್ತಿಕೊಂಡು ಹೋಗುವವನು ಅಲ್ಲಿಂದಲೇ ಬರಬೇಕು, ಅಲ್ಲಿಂದಲೇ ಹೋಗಬೇಕು. ಮನೆಯೊಳಗೆ ಅವನ ನೆರಳೂ ಕಾಣಬಾರದು. ನಾವಿದ್ದ ಕೋಣೆಯ ಆ ಬಾಗಿಲಿಗೆ ಹೊಸ ಬೀಗ ಹಾಕಿ, ಎದುರಿಗೆ ಟವೆಲ್ ಸ್ಟ್ಯಾಂಡ್ ಇಟ್ಟಿದ್ದರು. ಪೈಪ್‌ಲೈನ್ ಎಲ್ಲಿಂದ ಬಂದಿದೆ ಎಂದು ನೋಡುವ ನನ್ನ ಚಾಳಿಯಿಂದ ಅದು ಕಣ್ಣಿಗೆ ಬಿತ್ತು.

ಕೆಳಗಿನ ಲೈನ್ ಮನೆಯವರು ಯಾರು? ತಿರುನೆಲ್ವೇಲಿ, ರಾಮನಾಥಪುರ, ಮಧುರೆ ಕಡೆಯ ಬರಪೀಡಿತ ಹಳ್ಳಿಗಳಿಂದ ಕಂಗಾಣಿಗಳು ಮುಂಗಡ ಕೊಟ್ಟು ಕರೆತಂದವರು, ಹೆಚ್ಚಿನವರು ದಲಿತರು. ಮುಂಗಡ ತೀರುವ ತನಕ ಊರಿಗೆ ಹೋಗುವ ಹಾಗಿಲ್ಲ. 1859ರಲ್ಲಿ ಬ್ರಿಟಿಷರು ಮಾಡಿದ ಒಂದು ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟು ಹೋದ ಕೂಲಿಯನ್ನು ಜೈಲಿಗೆ ಹಾಕಬಹುದಿತ್ತು. ಅದು ರದ್ದಾದದ್ದು 1925ರಲ್ಲಿ. ಮಳೆ, ಜಿಗಣೆ, ಮಲೇರಿಯ. ಇದನ್ನೆಲ್ಲ ಹೊರಗೆ ತಂದವರು ಆನೆಮಲೆಯ ಎಸ್ಟೇಟುಗಳಲ್ಲೇ ವೈದ್ಯರಾಗಿದ್ದ ಪಿ. ಎಚ್. ಡೇನಿಯಲ್. ಕಾರ್ಮಿಕರ ಸಂಘ ಕಟ್ಟುವುದರಲ್ಲೂ ಅವರಿದ್ದರು. 1969ರಲ್ಲಿ ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿ ಬರೆದರು. ಕರುಪ್ಪನ್, ವಳ್ಳಿ ಎಂಬ ಗಂಡಹೆಂಡತಿ ಕಂಗಾಣಿಯ ಮಾತು ನಂಬಿ ಬೆಟ್ಟ ಹತ್ತುವ ಕಥೆ. ತಮಿಳಿನಲ್ಲಿ ಅದು ‘ಎರಿಯುಂ ಪನಿಕ್ಕಾಡು’ ಆಯಿತು, 2013ರಲ್ಲಿ ಬಾಲಾ ಅವರ ‘ಪರದೇಸಿ’ ಸಿನಿಮಾಕ್ಕೂ ಅದೇ ಆಧಾರ. ಬಂಗಲೆಯ ಪುಸ್ತಕದ ಕಪಾಟಿನಲ್ಲಿ ಹಕ್ಕಿಗಳ ಪುಸ್ತಕ ಇತ್ತು, ಬೇಟೆಯ ಪುಸ್ತಕ ಇತ್ತು, ಡೇನಿಯಲ್ ಇರಲಿಲ್ಲ.

1951ರ ಪ್ಲಾಂಟೇಶನ್ ಲೇಬರ್ ಆಕ್ಟ್ ಬಂದ ಮೇಲೆ ಮನೆ, ನೀರು, ಆಸ್ಪತ್ರೆ, ಮಕ್ಕಳನ್ನು ಬಿಡುವ ಕ್ರೆಶ್ ಇವೆಲ್ಲ ಕಾನೂನಿನ ಹೊಣೆಯಾದವು. ಕಾಲ ಬದಲಾಗಿದೆ, ಒಪ್ಪಬೇಕು.

ಈಗ ನಮ್ಮ ಕಡೆಗೆ ಬರುತ್ತೇನೆ. ತಮಿಳುನಾಡಿನ ಕಂಗಾಣಿ ನಮ್ಮ ಘಟ್ಟದಲ್ಲಿ ‘ಮೇಸ್ತ್ರಿ’. ಕರಾವಳಿಯಲ್ಲಿ ಕೊಯ್ಲು ಮುಗಿದ ಕೂಡಲೇ ಮೇಸ್ತ್ರಿಯ ಮುಂಗಡ ಪಡೆದು ಜನ ‘ಘಟ್ಟಕ್ಕೆ’ ಹೋಗುತ್ತಿದ್ದರು, ಮಳೆ ಹಿಡಿಯುವಾಗ ಇಳಿಯುತ್ತಿದ್ದರು. ಅವರ ಹಿಂದೆಯೇ ಬ್ಯಾರಿಗಳೂ ಹತ್ತಿದರು, ಒಣಮೀನು, ಉಪ್ಪು, ಬಟ್ಟೆ ಹೊತ್ತುಕೊಂಡು. ನನ್ನ ಅಜ್ಜ ಶಿರಾಡಿ ಹತ್ತಿದ್ದು ಒಣಮೀನಿನ ಕಟ್ಟಿನ ಜೊತೆಗೆ. ಉಪ್ಪ ಸಕಲೇಶಪುರ ಕಡೆ ಜಿನಸಿ ಅಂಗಡಿ ಇಟ್ಟರು. ಅವರಿಗೆ ಎಸ್ಟೇಟಿನ ಬಂಗಲೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಹಿಂದಿನ ಬಾಗಿಲಿನಿಂದ. ಬಟ್ಲರ್ ಚೀಟಿ ಕಳಿಸುತ್ತಿದ್ದ: ಬೆಂಕಿಪೆಟ್ಟಿಗೆ, ಡಬ್ಬದ ಬೆಣ್ಣೆ, ಸೀಮೆಎಣ್ಣೆ, ಮೊಟ್ಟೆ. ಉಪ್ಪ ಕೊಂಡುಹೋಗಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಲೆಕ್ಕ ಬರೆಸಿ ಬರುತ್ತಿದ್ದರು. “ಎದುರಿನ ಜಗಲಿಯಲ್ಲಿ ಎಷ್ಟು ಕುರ್ಚಿ ಉಂಟೂಂತ ನನಗೆ ಈಗಲೂ ಗೊತ್ತಿಲ್ಲ ಮಗಾ” ಎಂದು ಒಮ್ಮೆ ನಗಾಡಿದ್ದರು.

ಅಂತ ನಮ್ಮವರು ಲೈನ್ ಮನೆಯವರ ಸಾಲಿನಲ್ಲಿ ನಿಂತಿದ್ದರು ಎಂದೂ ಅಲ್ಲ. ಬಟವಾಡೆಯ ದಿನ ರೈಟರ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ಅಂಗಡಿಯವನೂ ಸಾಲದ ಪುಸ್ತಕ ಹಿಡಿದು ಕೂತಿರುತ್ತಿದ್ದ. ಕೂಲಿ ಈ ಕೈಯಿಂದ ಆ ಕೈಗೆ ಬಂದು, ಅಲ್ಲಿಂದ ಪುಸ್ತಕದ ಬಾಕಿಗೆ ಹೋಗುತ್ತಿತ್ತು. ಒಣಮೀನು ಸಾಲದಲ್ಲಿ ಸಿಕ್ಕಿದ್ದರಿಂದ ಎಷ್ಟೋ ಮನೆಗಳ ಒಲೆ ಹೊತ್ತಿತು, ಅದೂ ನಿಜ. ಅದೇ ಸಾಲದಿಂದ ಎಷ್ಟೋ ಜನ ಮುಂದಿನ ವರ್ಷವೂ ಅದೇ ಎಸ್ಟೇಟಿಗೆ ಬರಬೇಕಾಯಿತು. ನಮ್ಮ ಸಮುದಾಯದ ಚರಿತ್ರೆ ಬರೆಯುವಾಗ ನಾವು ಕಷ್ಟಪಟ್ಟು ಘಟ್ಟ ಹತ್ತಿದ್ದನ್ನು ಬರೆಯುತ್ತೇವೆ, ಪುಸ್ತಕದ ಬಾಕಿಯನ್ನು ಬರೆಯುವುದಿಲ್ಲ. ಎರಡೂ ಒಂದೇ ಅಂಗಡಿಯಲ್ಲಿ ನಡೆದದ್ದು.

ಹಾಗಾದರೆ ದುಡ್ಡು ಪಡೆದು ಅತಿಥಿಯನ್ನು ಉಳಿಸಿಕೊಳ್ಳುವ ಕಲೆ ದೊರೆಗಳಿಂದ ಬಂತೇ? ಇಲ್ಲ. ಇದರಲ್ಲಿ ಕರಾವಳಿಯ ಮುಸ್ಲಿಮರು ಅವರಿಗಿಂತ ಬಹಳ ಹಿಂದಿನವರು. 14ನೇ ಶತಮಾನದ ಮೊರಾಕ್ಕೋ ಪ್ರವಾಸಿ ಇಬ್ನ್ ಬತೂತ ದೆಹಲಿಯಿಂದ ಹೊರಟು, 1340ರ ದಶಕದಲ್ಲಿ ನಮ್ಮ ಕರಾವಳಿಯನ್ನು ದಾಟಿದ. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ಪಟ್ಟಣದ ಹೊರಭಾಗದಲ್ಲಿ ನೆಲೆಸಿದ್ದಾರೆ, ಪಾರಸ ಮತ್ತು ಯಮನಿನ ವ್ಯಾಪಾರಿಗಳು ಇಲ್ಲಿಗೆ ಬರುತ್ತಾರೆ ಎಂದು ಬರೆದ. ಇಲ್ಲಿನ ಖಾಝಿ ಬದ್ರುದ್ದೀನ್ ಮಅಬರಿ ಹಡಗಿಗೇ ಬಂದು, ಇಳಿದು ನಮ್ಮಲ್ಲಿ ಉಳಿಯಿರಿ ಎಂದು ಕರೆದರಂತೆ. ಮಅಬರ್ ಅಂದರೆ ತಮಿಳು ಕರಾವಳಿ. ಅಂದಿನ ಮಂಗಳೂರಿನ ಆತಿಥ್ಯದ ಮೊದಲ ಮಾತು ಒಬ್ಬ ತಮಿಳು ಸೀಮೆಯ ಖಾಝಿಯ ಬಾಯಿಂದ ಬಂದದ್ದು ನನಗೆ ಖುಷಿ ಕೊಡುವ ವಿಷಯ.

ಅದಕ್ಕಿಂತ ಮುಖ್ಯ, ಮಲಬಾರಿನ ದಾರಿಯ ಬಗ್ಗೆ ಅವನು ಬರೆದದ್ದು. ಪ್ರತಿ ಅರ್ಧ ಮೈಲಿಗೆ ಮರದ ಕಟ್ಟೆಗಳಿರುವ ಒಂದು ತಂಗುಮನೆ, ಅಲ್ಲಿ ಬಾವಿ, ನೀರು ಕೊಡಲು ಒಬ್ಬ ಹಿಂದೂ. ಹಿಂದೂ ದಾರಿಹೋಕನಿಗೆ ಪಾತ್ರೆಯಲ್ಲಿ, ಮುಸ್ಲಿಮನಿಗೆ ಬೊಗಸೆಗೆ. ಹಾಗಾಗಿ ಪ್ರತಿ ತಂಗುದಾಣದಲ್ಲೂ ಮುಸ್ಲಿಮರ ಮನೆಗಳಿದ್ದವು. ಮುಸ್ಲಿಂ ಪ್ರಯಾಣಿಕರು ಅಲ್ಲೇ ಇಳಿದುಕೊಂಡು, ಬೇಕಾದ್ದನ್ನು ಅವರಿಂದ ಕೊಂಡು, ಅಡುಗೆ ಮಾಡಿಸಿಕೊಂಡು ತಿನ್ನುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಮುಸ್ಲಿಮನೊಬ್ಬ ಆ ದಾರಿಯಲ್ಲಿ ಹೋಗುವುದೇ ಸಾಧ್ಯವಿರಲಿಲ್ಲ ಎನ್ನುತ್ತಾನೆ. ಏಳಿಮಲೆಯ ಪಳ್ಳಿಯಲ್ಲಿ ದಾರಿಹೋಕರಿಗೂ ಬಡವರಿಗೂ ಅನ್ನ ಹಾಕುವ ಅಡುಗೆಮನೆಯೇ ಇತ್ತು. ಬೊಗಸೆಗೆ ನೀರು ಹೊಯ್ಯುವುದು ಮತ್ತು ಬಚ್ಚಲಿನ ಹಿಂಬಾಗಿಲು ಒಂದೇ ಮನಸ್ಸಿನವು ಎಂದು ನಾನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಆದರೂ ಬಾಗಿಲು ಬೇರೆ ಮಾಡಿದ್ದು ದೊರೆಯೊಬ್ಬನೇ ಅಲ್ಲ. ನಮ್ಮ ಜಗಲಿಗಳಲ್ಲಿ ಯಾರು ಎಲ್ಲಿ ಕೂರಬೇಕಿತ್ತು, ಯಾರಿಗೆ ಒಡೆದ ಕಪ್ಪಿನಲ್ಲಿ ಚಾ ಹೋಗುತ್ತಿತ್ತು ಎಂದು ಹಳಬರಿಗೆ ಗೊತ್ತು.

ಬಂಗಲೆಯಲ್ಲಿ ನಮಗೆ ಊಟ ಬಡಿಸಿದವರಿಗೆ ಅರುವತ್ತರ ಹತ್ತಿರ ವಯಸ್ಸು. ಅವರ ಅಜ್ಜ ಕಂಗಾಣಿಯ ಜೊತೆ ತಿರುನೆಲ್ವೇಲಿಯಿಂದ ಬಂದವರು, ಅಪ್ಪ ಅದೇ ಅಡುಗೆಮನೆಯಲ್ಲಿ ಕೆಲಸ ಮಾಡಿದವರು. ನಮ್ಮ ಬ್ಯಾರಿ ಬಾಸೆ ಬಲ್ಲವನಿಗೆ ತಮಿಳು ಪೂರ್ತಿ ಪರದೇಶವಲ್ಲ. ಅವರು ನಿಧಾನವಾಗಿ ಹೇಳಿದರೆ ನನಗೆ ಮುಕ್ಕಾಲು ತಿಳಿಯಿತು. ಮೊದಲ ದಿನ ಕೋಳಿ ಬೇಡ ಎಂದೆ. ಅವರಿಗೆ ಕಾರಣ ಗೊತ್ತಾಯಿತು. “ಭಾಯ್ ಅಂಗಡಿಯಿಂದಲೇ ತರಿಸುವುದು ಸಾರ್, ಬೇಕಾದರೆ ನಿಮ್ಮ ಎದುರೇ ಫೋನ್ ಮಾಡುತ್ತೇನೆ” ಎಂದರು. ಮಾಡಿಯೂ ಮಾಡಿದರು. ರಾತ್ರಿ ದೊರೆಯ ಕಾಲದ ಪಟ್ಟಿಯಂತೆ ಸೂಪು, ರೋಸ್ಟು, ಕಸ್ಟರ್ಡು ಬಂತು. ನನ್ನ ಹೆಂಡತಿ ಮೆಲ್ಲಗೆ, ನಿಮ್ಮ ಮನೆಯಲ್ಲಿ ಮಾಡುವ ಕುಳಂಬು ಸಿಗುತ್ತದಾ ಎಂದು ಕೇಳಿದಳು. ಮರುದಿನ ಮಧ್ಯಾಹ್ನ ಅದೇ ಬಂತು, ಅಕ್ಕಪಕ್ಕದ ಮೇಜಿನವರೂ ಅದನ್ನೇ ಕೇಳಿದರು.

ಬಂಗಲೆಯಲ್ಲಿ ಅತಿಥಿಗಳಿಗೆ ಸಂಜೆ ಹೇಳುವುದು ಚಿರತೆಯ ಕಥೆ, ದೊರೆಯ ಕುದುರೆಯ ಕಥೆ, ಪಿಯಾನೋದ ಕಥೆ. ನಾನು ಅವರನ್ನು ಅಡುಗೆಮನೆಯ ಓಣಿಯಲ್ಲಿ ನಿಂತು ಕೇಳಿದೆ: ಅಣ್ಣಾ, ನಿಮ್ಮ ಅಪ್ಪ ಎದುರಿನ ಮೆಟ್ಟಿಲಿನಿಂದ ಹತ್ತಿದ್ದು ನೋಡಿದ್ದೀರಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕ್ರಿಸ್‌ಮಸ್ ದಿನ ಬಹುಮಾನ ತೆಗೆದುಕೊಳ್ಳಲು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು, ಚಪ್ಪಲಿ ಬಿಟ್ಟು” ಎಂದರು. ಈಗ ಅವರು ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಶೂ ಹಾಕಿಕೊಂಡು, ಅತಿಥಿಗಳ ಪೆಟ್ಟಿಗೆ ಹಿಡಿದುಕೊಂಡು.

ಅವರ ಇಬ್ಬರು ಗಂಡುಮಕ್ಕಳೂ ತಿರುಪ್ಪೂರಿನಲ್ಲಿ. ವಾಲ್ಪಾರೈಯ ಹೆಚ್ಚಿನ ಮನೆಗಳ ಕಥೆ ಇದೇ. 2001ರ ಜನಗಣತಿಯಲ್ಲಿ 90 ಸಾವಿರ ದಾಟಿದ್ದ ಊರಿನ ಜನಸಂಖ್ಯೆ 2011ಕ್ಕೆ 70 ಸಾವಿರದ ಆಸುಪಾಸಿಗೆ ಇಳಿದಿತ್ತು. ಮಕ್ಕಳು ಬನಿಯನ್ ಕಂಪನಿಗಳಿಗೆ, ಕೊಯಮತ್ತೂರಿನ ಮಿಲ್ಲು, ಫೌಂಡ್ರಿಗಳಿಗೆ ಇಳಿದು ಹೋದರು. ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳಿವೆ. ಅವರೂ ಮಧ್ಯವರ್ತಿಯ ಮೂಲಕ ಬಂದವರೇ, ಪದ ಮಾತ್ರ ಬೇರೆ: ‘ಕಾಂಟ್ರಾಕ್ಟರ್’. ರಾತ್ರಿ ಆನೆ ಯಾವ ಕಡೆ ಇದೆ ಎಂದು ತಿಳಿಸಲು ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಮೊಬೈಲ್ ಸಂದೇಶ, ಕೆಂಪು ದೀಪದ ವ್ಯವಸ್ಥೆ ಮಾಡಿದ್ದಾರೆ. ಬಂಗಲೆಯ ಅತಿಥಿಗೆ ಆನೆ ಬಂದರೆ ಅದೃಷ್ಟ, ಲೈನ್ ಮನೆಯವನಿಗೆ ಆ ದೀಪ ಹೊತ್ತಿದರೆ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿ ಬಂದ್.

ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆಯಾಯಿತು. ಅಲ್ಲಿಗೆ 1920ರ ದಶಕದಲ್ಲಿ ಹೆಣಿಗೆಯ ಯಂತ್ರವನ್ನು ಮೊದಲು ತಂದವರಲ್ಲಿ ಗುಲಾಂ ಖಾದರ್ ಎಂಬ ಮುಸ್ಲಿಂ ವ್ಯಾಪಾರಿಯ ಹೆಸರನ್ನು ಹೇಳುತ್ತಾರೆ. ಅದು ಬೇರೆಯೇ ಬರಹ ಬೇಡುವ ವಿಷಯ. ಮಂಗಳೂರು, ಪುತ್ತೂರು, ಬಿ.ಸಿ.ರೋಡಿನ ನಮ್ಮ ಬಟ್ಟೆ ಅಂಗಡಿಗಳಲ್ಲಿ ತೂಗುವ ಬನಿಯನ್, ಟೀಶರ್ಟುಗಳು ಹೆಚ್ಚಾಗಿ ಅಲ್ಲಿನವು. ಅಂಗಡಿಗೆ ಸರಕು ತರಲು ಹೋದವರು ಅಲ್ಲಿನ ಲಾಡ್ಜುಗಳಲ್ಲಿ ಒಂದು ಮಂಚಕ್ಕೆ ಇಬ್ಬರಂತೆ ಮಲಗಿ ಬಂದವರು. ಅವರ ಮಕ್ಕಳು ಈಗ ವಾಲ್ಪಾರೈಯ ಜಗಲಿಯಲ್ಲಿ ಕೂತು ಚಹಾ ಕುಡಿಯುವಂತಾದದ್ದು ಸಣ್ಣ ಸಂಗತಿಯಲ್ಲ. ನನ್ನ ಉಪ್ಪನಿಗೆ ಫೋಟೋ ತೋರಿಸಿದಾಗ ಅವರು ಮೊದಲು ಎಣಿಸಿದ್ದು ಕುರ್ಚಿಗಳನ್ನು. ಎಂಟು ಇದ್ದವು.

ಹೋಗುವವರಿಗೆ ನನ್ನದೊಂದು ಕೇಳಿಕೆ. ಬಡಿಸುವವರನ್ನು, ತೋಟದ ಕೆಲಸದವರನ್ನು ಅವರ ಅಪ್ಪ ಅಜ್ಜಂದಿರು ಯಾವ ಊರಿನಿಂದ ಬಂದವರು ಎಂದು ಕೇಳಿ. ಹೇಳಲು ಅವರಿಗೆ ಮನಸ್ಸಿದೆ, ಕೇಳುವವರು ಕಡಿಮೆ. ಮತ್ತೆ ನಮ್ಮ ಮನೆಗಳಲ್ಲಿ ಘಟ್ಟ ಹತ್ತಿದ ಹಿರಿಯರು ಇನ್ನೂ ಇದ್ದರೆ, ಯಾವ ಎಸ್ಟೇಟು, ಯಾವ ಮೇಸ್ತ್ರಿ, ದೊರೆಯ ಹೆಸರೇನು, ಸಾಮಾನು ಇಳಿಸುತ್ತಿದ್ದದ್ದು ಯಾವ ಬಾಗಿಲಲ್ಲಿ, ಸಾಲದ ಪುಸ್ತಕ ಏನಾಯಿತು ಎಂದು ಬರೆದುಕೊಳ್ಳಿ. ಉಪ್ಪನ ಪುಸ್ತಕ ಒಂದು ನನ್ನ ಹತ್ತಿರ ಇದೆ, 1978ರದ್ದು. ಅದರಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿವೆ, ಅರ್ಧಕ್ಕರ್ಧ ಬಾಕಿಗಳಿಗೆ ಗೆರೆ ಎಳೆದಿಲ್ಲ.